ಮೋಸುಲ್ ಎನ್ನಬಾರದಿದ್ದ ಮನೆ

"ಯಾವೂರಲ್ಲಿ ಹುಟ್ಟಿದ್ದು ಅಂತ ಯಾರಾದ್ರೂ ಕೇಳಿದ್ರೆ ಮೈಸೂರು ಅನ್ನು. ಅಷ್ಟೇ. ಮುಂದಕ್ಕೆ ಎಳೀಬೇಡ."

ಅಮ್ಮ ಇದನ್ನು ಹೇಳಿದ್ದು ಟೆಕ್ಸಾಸಿನ ರೌಂಡ್ ರಾಕಿನ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಸಿಂಕಿನ ಮುಂದೆ ನಿಂತು, ನನ್ನ ಕಡೆ ತಿರುಗದೆ. ನ್ಯೂಯಾರ್ಕಿನಲ್ಲಿ ಆ ಎರಡು ಕಟ್ಟಡಗಳು ಬಿದ್ದು ಇನ್ನೂ ವಾರ ಕಳೆದಿರಲಿಲ್ಲ. ಫ್ಲವರ್ ಮೌಂಡ್ ಎಂಬ ಊರಿನಲ್ಲಿದ್ದ ಅಪ್ಪನ ದಾಯಾದಿಯೊಬ್ಬರು ಫೋನ್ ಮಾಡಿ, ನೀವು ಇರಾಕಿನಲ್ಲಿ ಇದ್ದ ವಿಷಯ ಎಲ್ಲೂ ಬಾಯಿ ಬಿಡಬೇಡಿ, ಆಫೀಸಿನಲ್ಲಂತೂ ಬೇಡವೇ ಬೇಡ ಎಂದು ಎಚ್ಚರಿಸಿದ್ದರು. ಅಪ್ಪ 'ಆಯಿತು' ಎಂದು ಫೋನ್ ಇಟ್ಟಿದ್ದರು. ಆದರೆ ಆ ಮಾತು ತಾಗಿದ್ದು ಅಮ್ಮನಿಗೆ. ಅಲ್ಲಿ ನಾವಿದ್ದ ಊರಾದ ಮೋಸುಲಿನ ಹೆಸರನ್ನು ದಿನಕ್ಕೆ ಎಷ್ಟೋ ಸಲ ಆಡುತ್ತಿದ್ದವಳು ಅವಳೇ. ಉಪ್ಪಿಟ್ಟು ಮುದ್ದೆಯಾದರೆ, ಮೋಸುಲಿನ ಬುರ್ಗುಲ್ ಎಂಬ ಗೋಧಿನುಚ್ಚಿನಲ್ಲಿ ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವಳು. ಟೆಕ್ಸಾಸಿನ ಬೇಸಿಗೆಯಲ್ಲಿ ಎಲ್ಲರೂ ಸೆಖೆಯೆಂದು ಗೊಣಗಿದರೆ, ಮೋಸುಲಿನಲ್ಲಿ ತಾರಸಿಯ ಮೇಲೆ ನೀರು ಚಿಮುಕಿಸಿ ಮಲಗುತ್ತಿದ್ದುದನ್ನು ನೆನೆಯುವಳು. ಅಂದಿನಿಂದ ಆ ಹೆಸರು ನಮ್ಮ ಮನೆಯಲ್ಲಿ ನಿಂತುಹೋಯಿತು. ಹೆಸರು ಬಾಯಿಂದ ಹೋದಮೇಲೆ ಊರು ಮನಸ್ಸಿನಲ್ಲಿ ಇನ್ನಷ್ಟು ದೊಡ್ಡದಾಗಿ ಕುಳಿತುಕೊಂಡಿತು.

ಅಪ್ಪ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಹೋಗಿದ್ದವರು. ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಹೇಗೆ ಎನ್ನುವುದು ಅವರ ವಿಷಯ. ಮುಂದೆ ಅದೇ ವಿದ್ಯೆ ಅವರನ್ನು, ಕಂಪ್ಯೂಟರುಗಳ ಒಳಗಿನ ಬಿಸಿಯನ್ನು ತಣಿಸುವ ಕೆಲಸಕ್ಕೆಂದು, ರೌಂಡ್ ರಾಕಿಗೆ ಕರೆತಂದಿತು. ಮೋಸುಲಿನಲ್ಲಿ ಕ್ಯಾಂಪಸ್ಸಿನ ಮನೆ ಸಿಗದೆ ಹಳೇ ಊರಿನ ಓಣಿಯೊಂದರಲ್ಲಿ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದರು. ಅಣ್ಣ ಮುರಳಿ ಕೈಗೂಸಾಗಿ ಅಲ್ಲಿಗೆ ಹೋದವನು. ನಾನು ಅಲ್ಲೇ ಹುಟ್ಟಿದವಳು. ಕೆಳಗಿನ ಮನೆಯಲ್ಲಿ ಒಡತಿ ಇದ್ದಳು, ಗಂಡ ತೀರಿಕೊಂಡಿದ್ದ ಹೆಂಗಸು. ಅವಳ ಸ್ವಂತ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಹೆಂಗಸನ್ನು ಅವಳ ಹಿರಿಯ ಮಗನ ಹೆಸರಿನಿಂದ ಕರೆಯುತ್ತಾರೆ. ಅವಳ ಮಗ ಯೂನಿಸ್, ಆದ್ದರಿಂದ ಅವಳು ಉಮ್ ಯೂನಿಸ್, ಯೂನಿಸನ ತಾಯಿ. ನಮ್ಮಮ್ಮ ಉಮ್ ಮುರಳಿ. ಆದರೆ ಆ ಊರಿನವರ ನಾಲಿಗೆಯಲ್ಲಿ ರಕಾರ ಗಂಟಲಿಗೆ ಇಳಿದು ಘಕಾರವಾಗುತ್ತಿದ್ದುದರಿಂದ ಅಣ್ಣ ಓಣಿಗೆಲ್ಲ ಮುಘಲಿಯಾಗಿದ್ದ. ಮೈಸೂರಿಗೆ ರಜೆಗೆ ಹೋದಾಗ ಅಜ್ಜಿ 'ಇದೇನೇ, ಮಗೂಗೆ ಮೊಗಲರ ಹೆಸರು ಇಟ್ಟಿದ್ದಾರೆ' ಎಂದು ನಕ್ಕಿದ್ದರು.

ಆ ಮನೆಯ ಬಾಗಿಲು ಓಣಿಗೆ ತೀರ ಸಣ್ಣದು. ಅಪ್ಪ ತಲೆ ಬಗ್ಗಿಸಿ ಒಳಗೆ ಬರಬೇಕಿತ್ತು. ಬಾಗಿಲು ದಾಟಿದರೆ ಒಮ್ಮೆಲೇ ಆಕಾಶ. ನಡುವೆ ತೆರೆದ ಅಂಗಳ, ಸುತ್ತ ಕೋಣೆಗಳು, ಬೂದುಬಣ್ಣದ ಅಮೃತಶಿಲೆಯ ಚೌಕಟ್ಟಿನ ಕಿಟಕಿಗಳು. ಅಂಗಳದ ಮೂಲೆಯಿಂದ ಮೆಟ್ಟಿಲಿಳಿದರೆ ನೆಲಮಾಳಿಗೆ. ಬೇಸಿಗೆಯ ಮಧ್ಯಾಹ್ನ ಇಡೀ ಮನೆಯೇ ಅಲ್ಲಿಗೆ ಇಳಿಯುತ್ತಿತ್ತು. ಕಲ್ಲಿನ ತಂಪಿನಲ್ಲಿ ಚಾಪೆ ಹಾಸಿಕೊಂಡು ಅಮ್ಮ ಮತ್ತು ಉಮ್ ಯೂನಿಸ್ ಕಲ್ಲಂಗಡಿ ಹಣ್ಣು ಹೆಚ್ಚುತ್ತ, ಅರ್ಧ ಸನ್ನೆ ಅರ್ಧ ಅರಬ್ಬಿಯಲ್ಲಿ ಸಂಸಾರದ ಮಾತಾಡುತ್ತಿದ್ದರು. ನಾವು ಮಾಂಸ ತಿನ್ನುವುದಿಲ್ಲ ಎನ್ನುವುದು ಉಮ್ ಯೂನಿಸಳಿಗೆ ದೊಡ್ಡ ಸಂಕಟದ ವಿಷಯವಾಗಿತ್ತು. ಯಾವ ವೈದ್ಯ ಬಿಡಿಸಿದ ಎಂದು ಮೊದಲು ಕೇಳಿದಳಂತೆ. ಆಮೇಲೆ, ದ್ರಾಕ್ಷಿ ಎಲೆಯಲ್ಲಿ ಬರೀ ಅಕ್ಕಿ, ಟೊಮ್ಯಾಟೊ, ಹುಳಿ ತುಂಬಿ ನಮಗೆಂದೇ ಬೇರೆ ಪಾತ್ರೆಯಲ್ಲಿ ಬೇಯಿಸಿ ಮೇಲಕ್ಕೆ ಕಳಿಸತೊಡಗಿದಳು. ಅಮ್ಮ ಅದಕ್ಕೆ ಬದಲಾಗಿ ದೋಸೆಗೆ ಖರ್ಜೂರದ ಪಾಕ ಹಾಕಿ ಕೆಳಗೆ ಕಳಿಸುವಳು.

ಗೌರಿ ಗಣೇಶ ಹಬ್ಬಕ್ಕೆ ಅಪ್ಪ ಟೈಗ್ರಿಸ್ ದಂಡೆಯಿಂದ ಜೇಡಿಮಣ್ಣು ತಂದು ಕೈಯಾರೆ ಗಣಪತಿ ಮಾಡುತ್ತಿದ್ದರು. ಸೊಂಡಿಲು ಮಾತ್ರ ಎಷ್ಟು ಸಲ ಅಂಟಿಸಿದರೂ ಕಳಚಿಕೊಳ್ಳುತ್ತಿತ್ತು. ಒಂದು ವರ್ಷ ಯೂನಿಸ್ ಬೆಂಕಿಕಡ್ಡಿ ತಂದು ಒಳಗೆ ಚುಚ್ಚಿ ಸೊಂಡಿಲು ನಿಲ್ಲಿಸಿದ. ಪೂಜೆಯ ಹೊತ್ತಿಗೆ ಉಮ್ ಯೂನಿಸ್ ಮೆಟ್ಟಿಲಿನ ಅರ್ಧದವರೆಗೆ ಬಂದು ನಿಂತಳು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಸಂಜೆ ನದಿಗೆ ಬಿಡಲು ಅಪ್ಪನ ಜೊತೆ ಹೊರಟಿದ್ದು ಅಣ್ಣ ಮತ್ತು ಯೂನಿಸ್. ಇಬ್ಬರೂ ಒಂದೇ ವಯಸ್ಸು, ಒಂದೇ ಸೈಕಲ್ಲು, ಒಂದೇ ಜಗಳ. ನಾನು ಹಿಂದೆ ಓಡಿದರೆ 'ಹೋಗೇ ಮನೆಗೆ' ಎಂದು ಅಣ್ಣ ಕನ್ನಡದಲ್ಲೂ ಯೂನಿಸ್ ಅರಬ್ಬಿಯಲ್ಲೂ ಅಟ್ಟುತ್ತಿದ್ದರು.

ನನಗೆ ಏಳು ವರ್ಷವಿದ್ದಾಗ ಬೇಸಿಗೆ ರಜೆಗೆಂದು ಮೈಸೂರಿಗೆ ಬಂದೆವು. ನಾವು ಅಲ್ಲಿರುವಾಗಲೇ ಇರಾಕು ಕುವೈತನ್ನು ನುಂಗಿತು. ಮುಂದೆ ಯುದ್ಧ, ಅದರ ಹಿಂದೆ ದಿಗ್ಬಂಧನ. ಹಿಂತಿರುಗಿ ಹೋಗಲಾಗಲಿಲ್ಲ. ಅಪ್ಪನ ಪುಸ್ತಕಗಳು, ಅಮ್ಮನ ಪಾತ್ರೆಗಳು, ನನ್ನ ತೊಟ್ಟಿಲು ಎಲ್ಲ ಆ ಮಹಡಿಯಲ್ಲೇ ಉಳಿದವು. ಅಮ್ಮನಿಗೆ ಅದರ ಬೇಸರವಿರಲಿಲ್ಲ. ಹೊರಡುವಾಗ ಉಮ್ ಯೂನಿಸಳಿಗೆ ಸರಿಯಾಗಿ ಹೇಳಿ ಬರಲಿಲ್ಲವಲ್ಲ, ತಿಂಗಳಲ್ಲಿ ಬರ್ತೀವಿ ಅಂತ ಅವಸರದಲ್ಲಿ ಟ್ಯಾಕ್ಸಿ ಹತ್ತಿಬಿಟ್ಟೆವಲ್ಲ ಎಂದು ಕೊರಗುತ್ತಿದ್ದಳು.

ಏಳು ವರ್ಷ ಮೈಸೂರಿನಲ್ಲಿದ್ದು ರೌಂಡ್ ರಾಕಿಗೆ ಬಂದಾಗ ನನಗೆ ಹದಿನಾಲ್ಕು, ಅಣ್ಣನಿಗೆ ಹದಿನೆಂಟು. ಅಣ್ಣ ಆಸ್ಟಿನ್ನಿನಲ್ಲಿ ಕಾಲೇಜು ಮುಗಿಸಿ ಒಂದು ಚಿಪ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಸಂಜೆ ಮನೆಗೆ ಬಂದು ಅಮ್ಮ ಕೊಟ್ಟ ಕಾಫಿ ಕುಡಿದು, ಸೋಫಾದಲ್ಲಿ ಅಪ್ಪನ ಪಕ್ಕ ಕುಳಿತು, ಇಬ್ಬರೂ ಏನೂ ಮಾತಾಡದೆ ಸುಖವಾಗಿ ಇರುತ್ತಿದ್ದರು. ನಮ್ಮ ಮನೆಯಲ್ಲಿ ಅಷ್ಟು ನೆಮ್ಮದಿಯ ಹೊತ್ತು ಆಮೇಲೆ ಬರಲಿಲ್ಲ. ಇರಾಕಿನ ಮೇಲೆ ಯುದ್ಧವಾಗುತ್ತದೆ ಎಂದು ಟಿವಿಯಲ್ಲಿ ದಿನವಿಡೀ ಮಾತು ಶುರುವಾದ ಆ ಚಳಿಗಾಲದ ಒಂದು ಭಾನುವಾರ, ಊಟದ ಮೇಜಿನಲ್ಲಿ, ಹುಳಿ ಬಡಿಸಿಕೊಳ್ಳುತ್ತ ಅಣ್ಣ ಹೇಳಿದ:

"ಅಪ್ಪ, ನಾನು ಆರ್ಮಿಗೆ ಸೈನ್ ಮಾಡಿದೀನಿ. ಅರೇಬಿಕ್ ಬರೋರು ಬೇಕಂತೆ ಅವರಿಗೆ."

ಅಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಮ್ಮ ಸೌಟು ಹಿಡಿದುಕೊಂಡೇ ನಿಂತಳು.

"ಯಾರ ಮೇಲೆ ಯುದ್ಧಕ್ಕೆ ಹೋಗ್ತಿದೀಯ ಅಂತ ಗೊತ್ತೇನೋ ನಿಂಗೆ?" ಎಂದರು ಅಪ್ಪ.

"ಗೊತ್ತಿರೋದ್ರಿಂದಲೇ ಹೋಗ್ತಿದೀನಿ. ನಾನು ಹೋಗ್ಲಿ ಬಿಡ್ಲಿ, ಇವರು ಹೋಗೇ ಹೋಗ್ತಾರೆ. ಭಾಷೆ ಬರದೋರು ಬಂದೂಕು ಹಿಡ್ಕೊಂಡು ಆ ಓಣಿಗಳಿಗೆ ನುಗ್ಗಿದ್ರೆ ಏನಾಗುತ್ತೆ, ನೀವೇ ಹೇಳಿ. ಮಾತು ಅರ್ಥ ಆಗೋನು ಒಬ್ಬನಾದ್ರೂ ಅಲ್ಲಿರ್ಲಿ."

"ಅರ್ಥ ಆಗದವನು ಹೊಡೆದ್ರೆ ತಿಳೀದೆ ಹೊಡೆದ ಅಂತಾರೆ. ನೀನು?"

"ನಾನು ಹೊಡೆಯೋಕೆ ಹೋಗ್ತಿಲ್ಲ ಅಪ್ಪ."

"ಹೊಡೆಯೋರ ಮುಂದೆ ನಿಂತು ಬಾಗಿಲು ತಟ್ಟೋಕೆ ಹೋಗ್ತಿದೀಯ. ನಿನ್ನ ದನಿ ಕೇಳಿ ಬಾಗಿಲು ತೆಗೀತಾರೆ."

ಅಪ್ಪ ಕೈ ತೊಳೆದು ಎದ್ದುಹೋದರು. ಅಣ್ಣ ಊಟ ಮುಗಿಸಿದ. ಮಜ್ಜಿಗೆ ಹಾಕಿಸಿಕೊಂಡು, ಕಲಸಿ, ಕೊನೆಯ ತುತ್ತಿನವರೆಗೂ ತಿಂದ. ಅಮ್ಮನ ಮುಖ ನೋಡದೆ. ಅವನು ಸುಳ್ಳು ಹೇಳುತ್ತಿರಲಿಲ್ಲ ಎಂದು ನನಗೆ ಆಗಲೂ ಅನಿಸಿತ್ತು. ಆದರೆ ಅದೊಂದೇ ಕಾರಣವಾಗಿರಲಿಲ್ಲ ಎಂದು ಈಗ ಅನಿಸುತ್ತದೆ. ನಾವೆಲ್ಲ ಬಾಯಿ ಮುಚ್ಚಿಕೊಂಡು ಬಚ್ಚಿಟ್ಟಿದ್ದ ಆ ಊರಿಗೆ ಮತ್ತೆ ಹೋಗಲು ಅವನಿಗೆ ಬೇರೆ ದಾರಿಯೇ ಇರಲಿಲ್ಲ. ಗ್ರೀನ್ ಕಾರ್ಡ್ ಇದ್ದವನು, ಕೆಲಸದಲ್ಲಿದ್ದವನು, ಕನ್ನಡ ಕೂಟದ ಆಂಟಿಯರೆಲ್ಲ ಹೆಣ್ಣು ತೋರಿಸಲು ಶುರುಮಾಡಿದ್ದವನು, ತಲೆಗೂದಲು ಬೋಳಿಸಿಕೊಂಡು ಒಂದು ಚೀಲ ಹೆಗಲಿಗೇರಿಸಿ ಹೊರಟುಹೋದ.

ಯುದ್ಧ ಶುರುವಾದಮೇಲೆ ನಮ್ಮ ಮನೆಯಲ್ಲಿ ಟಿವಿಯ ಜಗಳ ಶುರುವಾಯಿತು. ಅಮ್ಮ ಬೆಳಿಗ್ಗೆ ಎದ್ದವಳು ಟಿವಿ ಹಾಕಿದರೆ ಆರಿಸುತ್ತಿರಲಿಲ್ಲ. ಮೋಸುಲಿನ ಹೆಸರು ಬಂದರೆ ಎದ್ದು ಹೋಗಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲುವಳು. ಧೂಳಿನ ಬೀದಿಯಲ್ಲಿ ಟ್ಯಾಂಕು ಹೋಗುತ್ತಿದ್ದರೆ ಅವಳ ಕಣ್ಣು ಟ್ಯಾಂಕಿನ ಹಿಂದಿನ ಗೋಡೆಗಳ ಮೇಲೆ. 'ಇದು ಸೇತುವೆ ಹತ್ರದ ಪೇಟೆ ಅಲ್ವೇನೇ? ಆ ಕಮಾನು ನೋಡು' ಎನ್ನುವಷ್ಟರಲ್ಲಿ ಚಿತ್ರ ಬದಲಾಗಿರುತ್ತಿತ್ತು. ಅಪ್ಪ ಕೆಲಸದಿಂದ ಬಂದು ಬೂಟು ಬಿಚ್ಚುವ ಮೊದಲೇ ರಿಮೋಟ್ ಹುಡುಕಿ ಆರಿಸಿಬಿಡುವರು. ಅಮ್ಮ ಮತ್ತೆ ಹಾಕುವಳು. ಒಮ್ಮೆ ಅಪ್ಪ ವೈರನ್ನೇ ಕಿತ್ತರು. ನಲವತ್ತರ ಅಂಚು ದಾಟಿದ ನನ್ನ ತಾಯಿ ನೆಲದ ಮೇಲೆ ಬೋರಲು ಮಲಗಿ, ಮೇಜಿನ ಹಿಂದೆ ಕೈ ತೂರಿಸಿ, ಅಳುತ್ತ ಪ್ಲಗ್ಗು ಸಿಕ್ಕಿಸುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಅಪ್ಪ ಕೂಡ ನೋಡಿದರು. ಆ ದಿನದ ನಂತರ ಅವರು ಟಿವಿ ಮುಟ್ಟಲಿಲ್ಲ, ಆ ಕೋಣೆಗೂ ಬರಲಿಲ್ಲ. ಗರಾಜಿನಲ್ಲಿ ಒಂದು ಮಡಿಸುವ ಕುರ್ಚಿ ಹಾಕಿಕೊಂಡು ಕಾರಿನ ಪಕ್ಕ ಕುಳಿತು ಪೇಪರು ಓದುತ್ತಿದ್ದರು.

ಪಕ್ಕದ ಮನೆಯ ಕ್ಯಾರಲ್ ಎಂಬ ಹಿರಿಯ ಹೆಂಗಸಿಗೆ ಅಣ್ಣ ಸೈನ್ಯಕ್ಕೆ ಸೇರಿದ್ದು ಹೇಗೋ ತಿಳಿಯಿತು. ಅಷ್ಟು ವರ್ಷ ಕೈಬೀಸಿ ನಕ್ಕು ಒಳಗೆ ಹೋಗುತ್ತಿದ್ದವಳು ಒಂದು ಮಧ್ಯಾಹ್ನ ಪೀಚ್ ಹಣ್ಣಿನ ಸಿಹಿ ಮಾಡಿಕೊಂಡು, ಜೊತೆಗೆ ಯುದ್ಧಕ್ಕೆ ಹೋದವರು ಮರಳಿ ಬರಲೆಂದು ಅಲ್ಲಿನವರು ಕಟ್ಟುವ ಒಂದು ಹಳದಿ ರಿಬ್ಬನ್ ತಂದಳು. ಅವಳೇ ನಮ್ಮ ಮುಂದಿನ ಓಕ್ ಮರಕ್ಕೆ ಅದನ್ನು ಕಟ್ಟಿ, ಅಮ್ಮನ ಎರಡೂ ಕೈ ಹಿಡಿದುಕೊಂಡು, ನಿಮ್ಮ ಹುಡುಗನಿಗಾಗಿ ನಾನು ದಿನಾ ಪ್ರಾರ್ಥನೆ ಮಾಡುತ್ತೇನೆ ಎಂದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅಮ್ಮ ಥ್ಯಾಂಕ್ಯೂ ಎಂದಳು. ಅವಳು ಹೋದಮೇಲೆ ಅಡುಗೆಮನೆಯ ಮೂಲೆಯ ದೇವರ ಮಂದಾಸನದ ಮುಂದೆ ನಿಂತವಳು ನನ್ನನ್ನು ಕರೆದಳು.

"ಪದ್ದೂ, ಯೂನಿಸನೂ ಅವರ ಸೈನ್ಯದಲ್ಲಿ ಇರ್ತಾನಲ್ವೇನೇ? ಅಲ್ಲಿ ಎಲ್ಲಾ ಹುಡುಗರ್ನೂ ಹಿಡ್ಕೊಂಡು ಹೋಗ್ತಾರೆ."

"ಗೊತ್ತಿಲ್ಲ ಅಮ್ಮ."

"ನಾನು ದೇವರ ಮುಂದೆ ನಿಂತು ಯಾರು ಬದುಕ್ಲಿ ಅಂತ ಕೇಳ್ಕೋಬೇಕು?"

ಅಮ್ಮ ಹೂವಿಡದೆ ದೀಪವೊಂದನ್ನೇ ಹಚ್ಚಿ ಬಂದಳು. ಅಂದಿನಿಂದ ಬಹಳ ಕಾಲ ನಮ್ಮ ಮನೆಯಲ್ಲಿ ದೀಪ ಉರಿಯಿತು, ಬೇಡಿಕೆ ಇರಲಿಲ್ಲ.

ಅಣ್ಣನ ತುಕಡಿ ಮೋಸುಲಿಗೇ ಹೋಯಿತು. ಅಪರೂಪಕ್ಕೆ ಫೋನ್ ಬರುತ್ತಿತ್ತು. ಮಾತು ತಡೆದು ತಡೆದು ಬರುವುದು, ನಾವು ಹೇಳಿದ್ದು ಅವನಿಗೆ ಮುಟ್ಟುವಷ್ಟರಲ್ಲಿ ಅವನು ಬೇರೇನೋ ಶುರುಮಾಡಿರುವನು. ಅಮ್ಮ ಪ್ರತಿ ಸಲವೂ ಅದನ್ನೇ ಕೇಳುವಳು: ಮನೆ ಕಡೆ ಹೋದೆಯಾ? ಅವಳನ್ನು ನೋಡಿದೆಯಾ? ಮೊದಮೊದಲು ಅಣ್ಣ, ಆ ಕಡೆ ಹೋಗಲು ಬಿಡುವುದಿಲ್ಲ ಎನ್ನುತ್ತಿದ್ದ. ಮಾಗಿಯ ಹೊತ್ತಿಗೆ 'ಆಮೇಲೆ ಹೇಳ್ತೀನಿ ಅಮ್ಮ' ಎನ್ನತೊಡಗಿದ. ಮುಂದೆ ಫೋನ್ ಬಂದರೆ ನನ್ನನ್ನೇ ಕೇಳುವನು. ಅಮ್ಮನಿಗೆ ಕೊಡು ಎನ್ನುತ್ತಿರಲಿಲ್ಲ.

ವರ್ಷ ಕಳೆದು ಅವನು ಹಿಂತಿರುಗಿದ. ಕ್ಯಾರಲ್ ತನ್ನ ಕೈಯಾರೆ ರಿಬ್ಬನ್ ಬಿಚ್ಚಿದಳು, ಬೀದಿಯವರು ಚಪ್ಪಾಳೆ ತಟ್ಟಿದರು. ಅಣ್ಣ ಎಲ್ಲರ ಕೈ ಕುಲುಕಿ ಒಳಗೆ ಬಂದವನು ಸ್ನಾನಕ್ಕೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಅಪ್ಪ ಅವನ ಚೀಲವನ್ನು ಎತ್ತಿ ಕೋಣೆಯಲ್ಲಿಟ್ಟರು, ಅಷ್ಟೇ. ಅವನು ಎಲ್ಲವನ್ನೂ ಹೇಳಿದ್ದು ಬಂದ ಕೆಲವು ದಿನಗಳ ಮೇಲೆ, ಬೆಳಗಿನ ತಿಂಡಿಯ ಹೊತ್ತಿನಲ್ಲಿ. ಅಮ್ಮ ಎದುರು ಕುರ್ಚಿಯಲ್ಲಿ ಕುಳಿತು, ಏನೂ ಕೇಳದೆ ಬರೀ ಅವನನ್ನೇ ನೋಡುತ್ತಿದ್ದಳು. ಆ ನೋಟ ತಡೆಯಲಾಗದೆ ಅವನು ಬಾಯಿಬಿಟ್ಟ.

ಓಣಿಯನ್ನು ಶೋಧಿಸುವ ಆಜ್ಞೆ ಬಂದಿತ್ತು. ಯಾರೋ ಆಯುಧ ಬಚ್ಚಿಟ್ಟಿದ್ದಾರೆಂದು ಸುದ್ದಿ. ಬಾಗಿಲು ಬಾಗಿಲಿಗೂ ಅಣ್ಣನೇ ಮುಂದೆ ನಿಂತು, ಗಂಡಸರು ಕೈ ಮೇಲೆತ್ತಿ ಹೊರಗೆ ಬನ್ನಿ ಎಂದು ಕೂಗಬೇಕಿತ್ತು. ಆ ಮನೆ ಬಂದಾಗ, ಬೇರೆಯವರನ್ನು ಕಳಿಸಿ ಎಂದು ಕೇಳಬೇಕೆಂದುಕೊಂಡನಂತೆ. ಆದರೆ ತನ್ನಷ್ಟು ಚೆನ್ನಾಗಿ ಆ ಊರಿನ ಮಾತಾಡುವವರು ಬೇರೆ ಯಾರೂ ಇರಲಿಲ್ಲ. ಕೂಗಿದ. ಬಾಗಿಲು ತೆರೆದವಳು ಉಮ್ ಯೂನಿಸಳೇ. ಬೆನ್ನು ಬಾಗಿತ್ತು, ಮುಖ ಅದೇ. ಹೆಲ್ಮೆಟ್ಟಿನ ಕೆಳಗಿನ ಮುಖವನ್ನು ನೋಡುವ ಮೊದಲೇ ಅವಳು ದನಿ ಗುರುತಿಸಿದಳು.

"ಮುಘಲಿ?" ಎಂದಳಂತೆ.

ಅಷ್ಟರಲ್ಲಿ ಉಳಿದವರು ಒಳಗೆ ನುಗ್ಗಿದ್ದರು. ಯೂನಿಸ್ ಅಂಗಳಕ್ಕೆ ಬಂದ. ಅವನನ್ನು ಮಂಡಿಯೂರಿಸಿ, ಕೈ ಹಿಂದಕ್ಕೆ ಕಟ್ಟಿ ಕೂರಿಸಿದರು. ಅಧಿಕಾರಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು, ಅಣ್ಣ ಅರಬ್ಬಿಯಲ್ಲಿ ಹೇಳುವುದು. ಯೂನಿಸ್ ಎಲ್ಲದಕ್ಕೂ ಮರ್ಯಾದೆಯಿಂದ, ಎಂದೂ ಕಂಡಿರದ ಪರದೇಶಿಗೆ ಹೇಳುವ ಹಾಗೆ, ಬಾಗ್ದಾದಿನ ರೇಡಿಯೊದವರ ಅರಬ್ಬಿಯಲ್ಲಿ ಉತ್ತರ ಕೊಟ್ಟನಂತೆ. ಓಣಿಯ ಮಾತಿನ ಒಂದು ಶಬ್ದವನ್ನೂ ಆಡಲಿಲ್ಲ. ಸೈನಿಕರು ನೆಲಮಾಳಿಗೆಗೆ ಇಳಿದರು, ಮಹಡಿ ಹತ್ತಿದರು. ಮಹಡಿಯ ಕೋಣೆಯಲ್ಲಿ ಅಪ್ಪನ ಪುಸ್ತಕಗಳು ಇನ್ನೂ ಗೋಡೆಗೆ ಒರಗಿಸಿ ಜೋಡಿಸಿದಂತೆಯೇ ಇದ್ದವು. ಏನೂ ಸಿಗಲಿಲ್ಲ. ಯೂನಿಸನ ಕೈ ಬಿಚ್ಚಿದರು. ಹೊರಡುವಾಗ ಬಾಗಿಲಲ್ಲಿ ಉಮ್ ಯೂನಿಸ್ ಅಣ್ಣನ ತೋಳನ್ನು ಮುಟ್ಟಿ ಏನೋ ಕೇಳಿದಳು. ಅಧಿಕಾರಿ ತಿರುಗಿ, ಏನಂತೆ ಅವಳದು ಎಂದ.

"ಏನಿಲ್ಲ ಸರ್ ಅಂದೆ. ಅದೊಂದು ಮಾತನ್ನ ಮಾತ್ರ ನಾನು ಟ್ರಾನ್ಸ್‌ಲೇಟ್ ಮಾಡ್ಲಿಲ್ಲ," ಎಂದ ಅಣ್ಣ.

"ಏನು ಕೇಳಿದ್ಲು?"

"ನಿನ್ನ ತಾಯಿ ಹೇಗಿದಾಳೆ ಅಂತ."

ಅಮ್ಮನ ತಟ್ಟೆಯಲ್ಲಿ ದೋಸೆ ಆರಿಹೋಗಿತ್ತು.

"ನೀನೇನಂದೆ?"

"ಏನೂ ಹೇಳ್ಲಿಲ್ಲ ಅಮ್ಮ. ಹೊರಟುಬಂದೆ."

"ಚೆನ್ನಾಗಿದಾಳೆ ಅನ್ನೋಕೆ ಎಷ್ಟು ಹೊತ್ತು ಬೇಕಿತ್ತೋ?"

ಅಮ್ಮ ದನಿ ಏರಿಸಲಿಲ್ಲ. ಅಣ್ಣ ಮೇಜಿನ ಮೇಲೆ ಹಣೆಯಿಟ್ಟು ಅತ್ತ. ಗರಾಜಿನ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ. ಒಳಗೆ ಒಂದು ಹೆಜ್ಜೆ ಇಟ್ಟರು, ಮತ್ತೆ ಹಿಂದೆ ಸರಿದು ಬಾಗಿಲು ಎಳೆದುಕೊಂಡರು. ತಾವು ಹೇಳಿದ್ದೇ ನಡೆಯಿತು ಎಂದು ಅವರು ಒಂದು ದಿನವೂ ಆಡಿ ತೋರಿಸಲಿಲ್ಲ. ಅದೊಂದೇ ಅವರು ಮಗನಿಗೆ ತೋರಿಸಿದ ಕರುಣೆ ಎಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಅಣ್ಣ ಸೈನ್ಯ ಬಿಟ್ಟ. ಅರಬ್ಬಿ ಮಾತಾಡುವುದನ್ನೂ ಬಿಟ್ಟ. ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ, ಈಗ ಬರುವುದಿಲ್ಲ ಎನ್ನುವನು. ಮದುವೆಯಾಗಿ ಜಾರ್ಜ್‌ಟೌನಿನ ಹೊಸ ಬಡಾವಣೆಯಲ್ಲಿ ಮನೆ ಮಾಡಿದ. ಭಾನುವಾರಗಳಲ್ಲಿ ಹೆಂಡತಿ ಮಕ್ಕಳನ್ನು ಕರೆತಂದು, ಊಟ ಮಾಡಿ, ಹಿತ್ತಲಿನ ಹುಲ್ಲು ಕತ್ತರಿಸಿಕೊಟ್ಟು ಹೋಗುವನು. ಅಪ್ಪನಿಗೂ ಅವನಿಗೂ ಮಾತು ಬಂದಿತ್ತು: ಕಾರು, ಮಳೆ, ಮಕ್ಕಳ ಶಾಲೆ.

ಹೀಗೇ ವರ್ಷಗಳು ಕಳೆದವು. ಆಮೇಲೆ ಮೋಸುಲನ್ನು ಉಗ್ರಗಾಮಿಗಳ ಗುಂಪೊಂದು ಹಿಡಿದುಕೊಂಡಿತು. ಅವರನ್ನು ಹೊರಗೆ ಹಾಕಲು ಮತ್ತೆ ಯುದ್ಧ. ಈ ಸಲ ಹಳೇ ಊರಿನ ಮೇಲೆ ತಿಂಗಳುಗಟ್ಟಲೆ ಬಾಂಬು ಬಿತ್ತು. ಓಣಿಗಳು ಎಷ್ಟು ಕಿರಿದೆಂದರೆ ಒಂದು ಮನೆ ಬಿದ್ದರೆ ಎದುರಿನ ಮನೆಯನ್ನೂ ಎಳೆದುಕೊಂಡೇ ಬೀಳುತ್ತದೆ. ಮುಗಿದಮೇಲೆ ಮೇಲಿಂದ ತೆಗೆದ ಚಿತ್ರಗಳನ್ನು ನಾನು ಕಂಪ್ಯೂಟರಿನಲ್ಲಿ ಅಮ್ಮನಿಗೆ ತೋರಿಸಿದೆ. ನದಿ ಇತ್ತು. ನದಿಯ ಈಚೆಗೆ ಬೂದುಬಣ್ಣದ ಪುಡಿ. ಅಮ್ಮ ಈ ಸಲ ಪರದೆಯ ಹತ್ತಿರ ಹೋಗಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ನಾನು ಹುಟ್ಟಿದ ಕೋಣೆ ಆ ಪುಡಿಯಲ್ಲಿ ಎಲ್ಲೋ ಇತ್ತು. ನನಗೆ ಆಗ ಅಳು ಬರಲಿಲ್ಲ. ಯಾರ ಮೇಲೆಂದು ತಿಳಿಯದ ಸಿಟ್ಟು ಬಂತು.

ಆ ನಂತರ ಅಪ್ಪ ಶನಿವಾರಗಳಂದು ಒಬ್ಬರೇ ಕಾರು ತೆಗೆದುಕೊಂಡು ಹೋಗತೊಡಗಿದರು. ಎಪ್ಪತ್ತು ದಾಟಿದ್ದವರು, ಹೈವೇಯಲ್ಲಿ ಡ್ರೈವ್ ಮಾಡಬೇಡಿ ಎಂದು ನಾವು ಬೈಯುತ್ತಿದ್ದೆವು. ಅವರು ಹೋಗುತ್ತಿದ್ದುದು ಆಸ್ಟಿನ್ನಿನಲ್ಲಿದ್ದ ಒಬ್ಬ ಇರಾಕಿಯ ದಿನಸಿ ಅಂಗಡಿಗೆ. ಅವನಿಗೆ ಮೋಸುಲಿನ ಕಡೆ ನೆಂಟರಿದ್ದರು. ಅಪ್ಪ ಅಲ್ಲಿ ಕುಳಿತು ಓಣಿಯ ಗುರುತು ಹೇಳಿ, ಮನೆತನದ ಗುರುತು ಹೇಳಿ, ವಿಚಾರಿಸಿಕೊಡು ಎಂದು ಬೇಡುತ್ತಿದ್ದರಂತೆ. ಕೊನೆಗೊಂದು ಭಾನುವಾರ, ನಾವೆಲ್ಲ ಊಟ ಮುಗಿಸಿ ಕುಳಿತಿದ್ದಾಗ, ಅಮ್ಮನ ಮುಂದೆ ತಮ್ಮ ಫೋನ್ ಇಟ್ಟು ಹೇಳಿದರು:

"ಯೂನಿಸ್ ಬದುಕಿದಾನೆ. ಎರ್ಬಿಲ್‌ನಲ್ಲಿದಾನೆ. ಇದು ಅವನ ನಂಬರ್. ಮಾತಾಡ್ತೀಯಾ?"

ಅಣ್ಣ ಎದ್ದು ನಿಂತ. ಹೋಗಲಿಲ್ಲ.

ಅಮ್ಮ ತನ್ನ ಹರಕುಮುರುಕು ಅರಬ್ಬಿಯನ್ನು ಮೊದಲು ಬಾಯಲ್ಲೇ ಒಮ್ಮೆ ಹೇಳಿಕೊಂಡಳು. ಅಪ್ಪ ನಂಬರ್ ಒತ್ತಿಕೊಟ್ಟಮೇಲೆ ಫೋನಿಗೆ ಹೇಳಿದಳು: ನಾನು ಉಮ್ ಮುರಳಿ. ನಾನು ಚೆನ್ನಾಗಿದ್ದೇನೆ. ನಿನ್ನ ಅಮ್ಮನಿಗೆ ಹೇಳಪ್ಪ, ನಾನು ಚೆನ್ನಾಗಿದ್ದೇನೆ ಅಂತ.

ಆ ಕಡೆಯಿಂದ ಗಂಡಸಿನ ದನಿ ನಿಧಾನವಾಗಿ ಏನೋ ಹೇಳಿತು. ಅಮ್ಮನಿಗೆ ಅಲ್ಲೊಂದು ಇಲ್ಲೊಂದು ಶಬ್ದ ಸಿಕ್ಕಿರಬೇಕು. ಸೆರಗನ್ನು ಬಾಯಿಗೊತ್ತಿಕೊಂಡು ಅಣ್ಣನ ಕಡೆ ನೋಡಿದಳು. ಅಣ್ಣ ಹತ್ತಿರ ಬಂದು ಬಗ್ಗಿ, ಫೋನಿಗೆ ಕಿವಿಕೊಟ್ಟು, ಕೇಳಿದ್ದನ್ನು ಕೇಳಿದ ಹಾಗೆಯೇ ಕನ್ನಡದಲ್ಲಿ ಹೇಳಿದ:

"ಅವನಮ್ಮ ನೆಲಮಾಳಿಗೆಯಲ್ಲಿ ಇದ್ರಂತೆ, ಅಕ್ಕಪಕ್ಕದೋರ ಜೊತೆ. ಮೇಲಿನ ಮನೆ ಕುಸೀತಂತೆ. ಇವನು ನೀರು ತರೋಕೆ ಹೊರಗೆ ಹೋಗಿದ್ನಂತೆ. ಅವರನ್ನ ತೆಗೆಯೋಕಾಗ್ಲಿಲ್ವಂತೆ."

ಅಮ್ಮ ತಲೆಯಾಡಿಸಿದಳು. ಫೋನಿನ ದನಿ ಮತ್ತೆ ಏನೋ ಕೇಳಿತು. ಅದನ್ನು ಅಣ್ಣ ನಮಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅದರಲ್ಲಿ 'ಮುಘಲಿ' ಎಂಬ ಅವನ ಹೆಸರು ನಮಗೆಲ್ಲ ಕೇಳಿಸಿತ್ತು. ಅಮ್ಮ ಫೋನನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಹಿಡಿದುಕೊಂಡು ಹಿತ್ತಲಿಗೆ ಹೋದ.

ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು. ಬಿಸಿಲಿನಲ್ಲಿ ನಿಂತಿದ್ದ. ಕೇಳುತ್ತಿದ್ದ. ಬಹಳ ಹೊತ್ತಿನ ಮೇಲೆ ಒಂದು ಮಾತು ಆಡಿದ, ಮತ್ತೆ ಕೇಳಿದ. ಅಪ್ಪ ಬಾಗಿಲು ತೆರೆದು, ಗರಾಜಿನ ಮಡಿಸುವ ಕುರ್ಚಿಯನ್ನು ಎತ್ತಿಕೊಂಡು ಹೋಗಿ, ನೆರಳಿನಲ್ಲಿ ಬಿಚ್ಚಿಟ್ಟು, ಮಗನ ಹೆಗಲು ಮುಟ್ಟಿ ಅದರ ಕಡೆ ಕೈ ತೋರಿಸಿ ಒಳಗೆ ಬಂದರು. ಅಣ್ಣ ಕುಳಿತುಕೊಂಡ. ಯೂನಿಸ್ ಏನೆಂದ ಎಂದು ಆಮೇಲೂ ನಾವು ಯಾರೂ ಅವನನ್ನು ಕೇಳಲಿಲ್ಲ.